ಅಳಿವೆಯ ಮರಳು ಸಾಗಾಟದ ಮಾಡೆಲ್‌ಗೆ ಡೆಲ್ಫ್ಟ್3ಡಿ ಒಳ್ಳೆಯದಾ, ರಾಮ್ಸ್ ಒಳ್ಳೆಯದಾ? ಎಂಟೆಕ್ ಪ್ರಾಜೆಕ್ಟ್, ಆರು ತಿಂಗಳಿದೆ

ಅಯ್ಯೋ, ಇದು ನನ್ನದೇ ಹಳೇ ಪ್ರಶ್ನೆ. ನನ್ನ ಜಾಗ ಮಂಗಳೂರಿನ ಅಳಿವೆಬಾಗಿಲು, ನೇತ್ರಾವತಿಯೂ ಗುರುಪುರ ನದಿಯೂ ಒಟ್ಟಿಗೆ ಕಡಲು ಸೇರುವಲ್ಲಿ. ನೀರು, ಮರಳಿನ ಚಲನೆ ಲೆಕ್ಕ ಹಾಕುವ ಇವೆರಡರಲ್ಲಿ ಯಾವ ಸಾಫ್ಟ್‌ವೇರ್ ಅಂತ ಎರಡು ತಿಂಗಳು ಕಂಡಕಂಡವರನ್ನೆಲ್ಲ ಕೇಳಿ ಡೆಲ್ಫ್ಟ್3ಡಿ ಹಿಡಿದೆ. ಆಮೇಲೆ ನಾನು ಮುಳುಗಿದ್ದು ಆಳದ ಫೈಲಿನಲ್ಲಿ, ಅಂದರೆ ಎಲ್ಲೆಲ್ಲಿ ನೀರು ಎಷ್ಟು ಆಳ ಅಂತ ಮಾಡೆಲ್‌ಗೆ ಕೊಡುವ ಪಟ್ಟಿಯಲ್ಲಿ.

ಸ್ವಲ್ಪ ಉದ್ದ ಹೇಳುತ್ತೇನೆ, ಬೈಕೋಬೇಡಿ. ನಾವಿಕರ ನಕ್ಷೆಯಲ್ಲಿ ಆಳ ಬರೆಯುವುದು ತೀರಾ ಇಳಿತದ ಮಟ್ಟದಿಂದ. ದೋಣಿ ತಳ ತಾಗಬಾರದಲ್ಲ, ಅದಕ್ಕೆ. ನನ್ನ ಮಾಡೆಲ್‌ನ ಸೊನ್ನೆ ಇದ್ದದ್ದು ಸರಾಸರಿ ಸಮುದ್ರ ಮಟ್ಟದಲ್ಲಿ. ಮಂಗಳೂರಿನಲ್ಲಿ ಇವೆರಡರ ನಡುವೆ ಸುಮಾರು ಒಂದು ಮೀಟರ್ ಇದೆ. ಅಂದರೆ ನಕ್ಷೆಯಲ್ಲಿ 2 ಮೀಟರ್ ಅಂತ ಇದ್ದ ಕಡೆ ನಾನು 3 ಹಾಕಬೇಕಿತ್ತು. 2 ಅಂತಲೇ ಹಾಕಿದೆ. ಹೊರಗಡೆ 20 ಮೀಟರ್ ಆಳದಲ್ಲಿ ಒಂದು ಮೀಟರ್ ಹೋದರೆ ಯಾರಿಗೂ ಗೊತ್ತಾಗಲ್ಲ. ಬಾಗಿಲಿನ ಮರಳು ದಿಬ್ಬದ ಮೇಲೆ ಮೂರರಲ್ಲೊಂದು ಪಾಲು ನೀರೇ ಮಾಯ.

ದಾರಿ ಕಟ್ಟಿಹೋಗಿದ್ದರಿಂದ ನದಿಯ ಒಳಗೆ ಉಬ್ಬರ ಸರಿಯಾಗಿ ಏರಲಿಲ್ಲ. ಆಗಲೇ ಅನುಮಾನ ಬರಬೇಕಿತ್ತು. ನಾನೇನು ಮಾಡಿದೆ? ತಳದ ಒರಟುತನ ತಿರುಚಿದೆ. ಒರಟುತನದ ಅಳತೆಯಾದ ಮ್ಯಾನಿಂಗ್ ಸಂಖ್ಯೆಯನ್ನು (ಕಮ್ಮಿಯಾದಷ್ಟೂ ತಳ ನುಣುಪು, ನೀರು ಸಲೀಸು) 0.025ರಿಂದ ಇಳಿಸುತ್ತಾ ಇಳಿಸುತ್ತಾ 0.012ಕ್ಕೆ ತಂದೆ. 0.012 ಅಂದರೆ ನೀಟಾಗಿ ಗಾರೆ ಮಾಡಿದ ಸಿಮೆಂಟ್ ಕಾಲುವೆ, ಮರಳಿನ ನದಿ ಅಲ್ಲ! ಆದರೆ ಗ್ರಾಫ್ ಕೂತುಬಿಟ್ಟಿತು. ಜೆಟ್ಟಿಯ ಕಂಬಕ್ಕೆ ಪೇಂಟಲ್ಲಿ ಗೆರೆ ಎಳೆದು, ಅರ್ಧ ಗಂಟೆಗೊಮ್ಮೆ ಟಾರ್ಚ್ ಬಿಟ್ಟು ಓದಿ ಬರೆದಿಟ್ಟ ನೀರಿನ ಮಟ್ಟ ನನ್ನ ಹತ್ತಿರ ಇತ್ತು. ಅದರ ಮೇಲೆ ಮಾಡೆಲ್‌ನ ಗೆರೆ ಗೆರೆಯಂತೆ ಬಂತು. ಎರಡರಿಂದಲೂ ಸರಾಸರಿ ಕಳೆದು ಬರೀ ಏರಿಳಿತ ಹೋಲಿಸಿದ್ದೆ, ಹಾಗಾಗಿ ಸೊನ್ನೆಯ ತಪ್ಪು ಅಲ್ಲಿ ಕಾಣುವ ಹಾಗೇ ಇರಲಿಲ್ಲ. ಗೈಡ್‌ಗೂ ಖುಷಿ, ನನಗೂ ಖುಷಿ.

ಆದರೆ ಅಷ್ಟೇ ನೀರು ಮೂರು ಮೀಟರ್ ಬದಲು ಎರಡು ಮೀಟರ್‌ನಲ್ಲಿ ನುಗ್ಗಬೇಕಾದರೆ ವೇಗ ಒಂದೂವರೆ ಪಟ್ಟು ಆಗಲೇಬೇಕು. ಮರಳಿನ ಸಾಗಾಟ ವೇಗದ ಜೊತೆ ನೇರವಾಗಿ ಏರುವುದಿಲ್ಲ, ಸೂತ್ರ ನೋಡಿಕೊಂಡು ಮೂರರಿಂದ ಐದನೇ ಘಾತದಲ್ಲಿ ಏರುತ್ತದೆ. ನಾಲ್ಕು ಅಂತಲೇ ಇಟ್ಟುಕೊಳ್ಳಿ, ಒಂದೂವರೆಯ ನಾಲ್ಕನೇ ಘಾತ ಅಂದರೆ 5. ಐದು ಪಟ್ಟು ಮರಳು! ನನ್ನ ಮಾಡೆಲ್‌ನಲ್ಲಿ ದಿಬ್ಬ ಎರಡೇ ವಾರಕ್ಕೆ ಕೊಚ್ಚಿಹೋಗುತ್ತಿತ್ತು. ನಾನು ಹೆಮ್ಮೆಯಿಂದ ಅದರ ಅನಿಮೇಷನ್ ಬೇರೆ ಮಾಡಿದ್ದೆ.

ಮೊಬೈಲಲ್ಲಿ ಅದನ್ನು ಬೆಂಗ್ರೆ ಕಡೆಯ ಒಬ್ಬ ದೋಣಿಯವರಿಗೆ ತೋರಿಸಿದೆ. ನೋಡಿ ನಕ್ಕರು. "ಎಂತ ಮಾರಾಯ್ರೆ, ಇಷ್ಟು ಸೆಳೆತ ಇದ್ರೆ ನಾವು ದೋಣಿ ಒಳಗೆ ತರುದು ಹೇಗೆ?" ಅಂದರು. ಮತ್ತೆ ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ದಿಬ್ಬದ ಮೇಲೆ ಇಳಿಸಿದರು. ಅರ್ಧ ಇಳಿತ ಆಗಿತ್ತು. ಒದ್ದೆ ಹಗ್ಗವನ್ನು ಮೊಳ ಹಾಕಿ ಅಳೆದರು. ನನ್ನ ಫೈಲಿಗಿಂತ ಹೆಚ್ಚುಕಮ್ಮಿ ಎರಡು ಮೊಳ ಜಾಸ್ತಿ. ಎರಡು ಮೊಳ ಅಂದರೆ ಒಂದು ಮೀಟರ್‌ಗೆ ಸ್ವಲ್ಪ ಕಮ್ಮಿ, ಅಲ್ವಾ? ಬಸ್ಸಲ್ಲಿ ವಾಪಸ್ ಬರುವಾಗ ತಲೆಗೆ ಹೊಳೆಯಿತು. ಅಷ್ಟರಲ್ಲಿ ಹನ್ನೊಂದು ತಿಂಗಳು ಹೋಗಿತ್ತು, ಸ್ಟೈಪೆಂಡ್ ಕೂಡ ನಿಂತಿತ್ತು.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆ ಇಲ್ಲ. ಪಕ್ಕದ ಮೇಜಿನವರಿಗೆ ಯಾವುದು ಗೊತ್ತೋ ಅದನ್ನು ಹಿಡಿಯಿರಿ. ರಾಮ್ಸ್ ಹೊರಗಿನ ದೊಡ್ಡ ಕಡಲಿಗೆ ಸರಿ, ಅಳಿವೆಗೆ ಡೆಲ್ಫ್ಟ್3ಡಿ ಸಲೀಸು, ಮುಗಿಯಿತು. ಜೆಬ್ಕೋ ಅನ್ನುವ ಇಡೀ ಜಗತ್ತಿನ ಕಡಲಾಳದ ನಕ್ಷೆಯಿಂದ ಆಳ ಡೌನ್‌ಲೋಡ್ ಮಾಡಿಕೊಳ್ಳುವ ಯೋಚನೆ ಇದ್ದರೆ ಬಿಟ್ಟುಬಿಡಿ, ಅದರ ಒಂದು ಚೌಕವೇ ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್. ನಿಮ್ಮ ಇಡೀ ಅಳಿವೆ ಒಂದೆರಡು ಚೌಕದಲ್ಲಿ ಮುಗಿದುಹೋಗುತ್ತದೆ.

ಇನ್ನು, ಆರು ತಿಂಗಳಲ್ಲಿ ಮರಳಿನ ತನಕ ಹೋಗಬೇಡಿ. ಒಂದು ದೋಣಿ ಬಾಡಿಗೆಗೆ ಹಿಡಿದು, ಬಾಗಿಲಲ್ಲಿ 13 ಗಂಟೆ ಲಂಗರು ಹಾಕಿ ಕೂತು ನೀರಿನ ವೇಗ ಅಳೆಯಿರಿ. ಒಂದು ಪೂರ್ತಿ ಉಬ್ಬರ ಇಳಿತ ಅದರಲ್ಲಿ ಬರುತ್ತದೆ. ಒರಟುತನ ಮುಟ್ಟದೆ ಮಾಡೆಲ್ ಆ ವೇಗ ಕೊಟ್ಟರೆ ಅದೇ ಒಳ್ಳೆ ಎಂಟೆಕ್. ಮಳೆಗಾಲದ ಅಲೆಗಳು, ನದಿ ತರುವ ಕೆಸರು, ಅವು ಬೇರೆಯೇ ತಲೆನೋವು, ಪಿಎಚ್‌ಡಿಗೆ ಇಟ್ಟುಕೊಳ್ಳಿ.

ಅಂದಹಾಗೆ, ನಿಮ್ಮ ಆಳದ ಫೈಲಿನಲ್ಲಿ ಸೊನ್ನೆ ಎಲ್ಲಿಂದ ಅಂತ ಬರೆದಿದೆಯಾ? ಇಲ್ಲದಿದ್ದರೆ ಕೊಟ್ಟವರಿಗೆ ಇವತ್ತೇ ಫೋನ್ ಮಾಡಿ ಕೇಳಿ.