ಉಪ್ಪು ಎಷ್ಟು, ಅಡಿಕೆ ಎಷ್ಟು?

ಓದುಗರ ಪ್ರಶ್ನೆ, ಅಕ್ಕನ ಉತ್ತರ

ಪ್ರಶ್ನೆ: ಅಕ್ಕಾ, ನಮ್ಮ ಮನೆಯವರಿಗೆ 47 ವರ್ಷ. ನಾಲ್ಕು ತಿಂಗಳ ಹಿಂದೆ ಬಿಪಿ ಇದೆ ಅಂತ ಗೊತ್ತಾಯಿತು. ಡಾಕ್ಟರು ಮಾತ್ರೆ ಬರೆದುಕೊಟ್ಟು, ಉಪ್ಪು ಕಡಿಮೆ ಮಾಡಿ, ದಿನಾ ನಡೀರಿ ಅಂದರು. ಅವತ್ತಿನಿಂದ ಇವರು ಉಪ್ಪನ್ನೇ ಬಿಟ್ಟಿದ್ದಾರೆ. ಅತ್ತೆ, ಇಬ್ಬರು ಮಕ್ಕಳು ಸೇರಿ ನಾವು ಐದು ಜನ, ಎಲ್ಲರಿಗೂ ಸಪ್ಪೆ ಸಾರು. ಬೆಳಿಗ್ಗೆ ಕೋಟೆ ಹತ್ತಿ ಇಳಿಯುತ್ತಾರೆ, ಸಂಜೆ ಜೋಗಿಮಟ್ಟಿ ರಸ್ತೆಯಲ್ಲಿ ಮತ್ತೆ ನಡೆಯುತ್ತಾರೆ. ಮದುವೆ ಮುಂಜಿಗೆ ಬರುವುದಿಲ್ಲ. ಯುಗಾದಿಗೆ ಹೋಳಿಗೆ ಮಾಡಿದ್ದಕ್ಕೆ ಅತ್ತೆ ಮೇಲೆ ರೇಗಿದರು. ಪಾಪ, ಅವರು ಉಣ್ಣದೇ ಮಲಗಿದರು. ಈಗ "ಇಷ್ಟು ಪಥ್ಯ ಮಾಡೋನಿಗೆ ಮಾತ್ರೆ ಯಾಕೆ" ಅಂತ ದಿನ ಬಿಟ್ಟು ದಿನ ನುಂಗುತ್ತಿದ್ದಾರೆ. ಹೋದ ವಾರ ಕೋಟೆ ಇಳಿಯುವಾಗ ತಲೆ ಸುತ್ತಿ ಕೂತುಬಿಟ್ಟರಂತೆ. ಒಳ್ಳೆಯದಕ್ಕೇ ಮಾಡುತ್ತಿದ್ದಾರೆ, ಬೇಡ ಅಂತ ಹೇಗೆ ಹೇಳಲಿ?
ಒಬ್ಬ ಗೃಹಿಣಿ, ಚಿತ್ರದುರ್ಗ

ಉತ್ತರ: ತಂಗಿ, ಮಿಕ್ಕಿದ್ದೆಲ್ಲ ಆಮೇಲೆ. ನಾಳೆಯೇ ಅವರನ್ನು ಅದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ತಲೆ ಸುತ್ತಿದ್ದು, ಮಾತ್ರೆ ತಪ್ಪಿಸಿದ್ದು, ಉಪ್ಪು ಪೂರ್ತಿ ಬಿಟ್ಟಿದ್ದು, ಮೂರನ್ನೂ ಹೇಳಿ. ಅವರು ಹೇಳದಿದ್ದರೆ ನೀವೇ ಹೇಳಿ. ಅಲ್ಲಿಯವರೆಗೆ ಕೋಟೆ ಹತ್ತುವುದು ಬೇಡ. ಮಾತ್ರೆ ಹೆಚ್ಚು ಮಾಡುವುದು, ಕಡಿಮೆ ಮಾಡುವುದು, ನಿಲ್ಲಿಸುವುದು ಎಲ್ಲ ಡಾಕ್ಟರ ಕೆಲಸ. ನಮ್ಮದಲ್ಲ.

ಇಷ್ಟು ಗಟ್ಟಿಯಾಗಿ ಯಾಕೆ ಹೇಳುತ್ತೇನೆ ಅಂದರೆ, ನಮ್ಮಪ್ಪನೂ ಹೀಗೇ ಮಾಡಿದ್ದರು. "ಮೈ ಹಗುರ ಇದೆ, ಏನೂ ತೊಂದರೆ ಇಲ್ಲ" ಅಂತ ಮಾತ್ರೆ ಬಿಟ್ಟರು. ಬಿಪಿ ಏರಿದ್ದು ಎಷ್ಟೋ ಸಲ ಮೈಗೆ ತಿಳಿಯುವುದೇ ಇಲ್ಲ. ಎರಡು ತಿಂಗಳು ಕಳೆದಿರಬೇಕು, ಒಂದು ಬೆಳಿಗ್ಗೆ ಚಹಾದ ಲೋಟ ಕೈಯಿಂದ ಜಾರಿತು. ಲಕ್ವ ಹೊಡೆದಿತ್ತು. ಆಮೇಲೆ ಆರು ವರ್ಷ ಬದುಕಿದರು, ಎಡಗೈಯಲ್ಲಿ ಉಣ್ಣುತ್ತಾ.

ಈಗ ಉಪ್ಪಿನ ಮಾತು. ನಾನು ಹುಟ್ಟಿ ಬೆಳೆದದ್ದು ದಾವಣಗೆರೆಯ ಮಂಡಕ್ಕಿ ಭಟ್ಟಿ ಮನೆಯಲ್ಲಿ. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿಸಿ ತಂದ ಮೇಲೆ ಅದಕ್ಕೆ ಉಪ್ಪುನೀರು ಹಾಕಿ ಕಲಸುವ ಕೆಲಸ ಅವ್ವನದು. ಉಪ್ಪು ಕಮ್ಮಿ ಬಿದ್ದರೆ ಕಾದ ಮರಳಲ್ಲಿ ಅಕ್ಕಿ ಸರಿಯಾಗಿ ಅರಳುತ್ತಿರಲಿಲ್ಲ, ಗಟ್ಟಿ ಕಾಳು ಉಳಿಯುತ್ತಿತ್ತು. ಜಾಸ್ತಿ ಬಿದ್ದರೆ ಬಾಯಿಗೆ ಇಡುವ ಹಾಗಿಲ್ಲ. ಮಳೆಗಾಲದಲ್ಲಿ ಅಕ್ಕಿ ತೇವ ಹಿಡಿದಿರುತ್ತಿತ್ತು. ಆಗ ಅವ್ವ ನಿನ್ನೆಯ ಅಳತೆಯನ್ನು ಇವತ್ತು ನಂಬುತ್ತಿರಲಿಲ್ಲ. ಮೊದಲು ಒಂದು ಹಿಡಿ ಅಕ್ಕಿ ಮರಳಿಗೆ ಹಾಕಿಸಿ ನೋಡುವಳು. ಅರಳಿದ ಮಂಡಕ್ಕಿ ಒಂದನ್ನು ಕಿವಿ ಹತ್ತಿರ ಹಿಡಿದು ಎರಡು ಬೆರಳಲ್ಲಿ ಒತ್ತುವಳು. ಸದ್ದು ಕೇಳಿ "ಹದ ಬಂತು" ಅಂದ ಮೇಲೇ ಮುಂದಿನ ಚೀಲದ ಬಾಯಿ ಬಿಚ್ಚಬೇಕು.

ನಿಮ್ಮ ಮನೆಯವರು ಕಳೆದುಕೊಂಡಿರುವುದು ಈ ಹದವನ್ನು. ಹೆಚ್ಚು ತಿನ್ನುವವನಿಗೆ ಹೇಗೆ ಅಳತೆ ಬೇಡವೋ, ಪೂರ್ತಿ ಬಿಟ್ಟವನಿಗೂ ಹಾಗೇ ಅಳತೆ ಬೇಡ. ಬಿಟ್ಟುಬಿಡುವುದು ಸುಲಭ ತಂಗಿ. ದಿನಾ ಅಳೆದು ಹಾಕುವುದೇ ಕಷ್ಟ.

ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದು ಟೀ ಚಮಚಕ್ಕಿಂತ ಸ್ವಲ್ಪ ಕಡಿಮೆ. ನಿಮ್ಮ ಮನೆಗೆ ಲೆಕ್ಕ ಹಾಕಿ: ಐದು ಜನಕ್ಕೆ ದಿನಕ್ಕೆ 25 ಗ್ರಾಂ ಅಂದರೆ ಒಂದು ಕಿಲೋ ಪ್ಯಾಕೆಟ್ 40 ದಿನ ಬರಬೇಕು. ಉಪ್ಪಿನಕಾಯಿ, ಹಪ್ಪಳ, ಹೊರಗಿನ ಖಾರ ಮಂಡಕ್ಕಿ, ಬೇಕರಿ ತಿಂಡಿ ಇವುಗಳಲ್ಲಿರುವ ಉಪ್ಪು ಬೇರೆ. ಮಕ್ಕಳಿಗೆ ಇನ್ನೂ ಕಡಿಮೆ ಸಾಕು. ಹಾಗಾಗಿ 40 ದಿನ ದಾಟಿಯೂ ಪ್ಯಾಕೆಟ್ ಉಳಿದಿದ್ದರೆ ಒಳ್ಳೆಯದೇ. ನಮ್ಮ ಮನೆಯಲ್ಲಿ ಮೊದಲ ಸಲ ನೋಡಿದಾಗ ಮೂರು ಜನಕ್ಕೆ 27 ದಿನಕ್ಕೇ ಖಾಲಿಯಾಗಿತ್ತು. ನಾನು ದಂಗಾದೆ.

ಈ ಕೆಲಸವನ್ನು ಅವರಿಗೇ ಒಪ್ಪಿಸಿ. ನಿಮ್ಮವರು ಹಠದ ಮನುಷ್ಯ, ಹಿಡಿದದ್ದು ಬಿಡುವವರಲ್ಲ ಅಂತ ಕಾಗದದಲ್ಲೇ ಕಾಣುತ್ತದೆ. ಅದು ಒಳ್ಳೆಯ ಗುಣ. "ಬೇಡ" ಅನ್ನಬೇಡಿ. ಪ್ಯಾಕೆಟ್ ಮೇಲೆ ತಾರೀಖು ಬರೆಯುವುದು, ಬೆಳಿಗ್ಗೆ ಎದ್ದು ಆ ದಿನದ ಉಪ್ಪನ್ನು ಒಂದು ಬಟ್ಟಲಿಗೆ ಅಳೆದಿಡುವುದು ಅವರ ಜವಾಬ್ದಾರಿ ಆಗಲಿ. ಅವರ ತಟ್ಟೆಗೆ ಎಷ್ಟು ಅನ್ನುವುದನ್ನು ಡಾಕ್ಟರು ಹೇಳಲಿ. ಮಿಕ್ಕವರ ಸಾರಿಗೆ ಆ ಬಟ್ಟಲಿನಿಂದ ನೀವು ಹಾಕಿ. ಹುಣಸೆಹಣ್ಣು, ನಿಂಬೆ, ಬೆಳ್ಳುಳ್ಳಿ ಒಗ್ಗರಣೆ ಸ್ವಲ್ಪ ಮುಂದೆ ಮಾಡಿದರೆ ಉಪ್ಪು ಕಡಿಮೆಯಾದದ್ದು ನಾಲಿಗೆಗೆ ಅಷ್ಟು ಗೊತ್ತಾಗುವುದಿಲ್ಲ. ಎರಡು ಮೂರು ವಾರದಲ್ಲಿ ನಾಲಿಗೆಯೂ ಹೊಂದಿಕೊಳ್ಳುತ್ತದೆ.

ನಡಿಗೆಗೆ ವಾರದಲ್ಲಿ 150 ನಿಮಿಷ ಸಾಕು, ಐದು ದಿನ ಅರ್ಧರ್ಧ ಗಂಟೆ. ಡಾಕ್ಟರು ಒಪ್ಪಿದ ಮೇಲೆ ಭಾನುವಾರ ಮಕ್ಕಳನ್ನೂ ಕರೆದುಕೊಂಡು ಕೋಟೆಗೆ ಹೋಗಲಿ. ಅಕ್ಕ ತಂಗಿ ಹೊಂಡದ ಹತ್ತಿರ ಸ್ವಲ್ಪ ಹೊತ್ತು ಕೂತು ಬರಲಿ. ಒಬ್ಬರೇ ಓಡಿ ಹತ್ತಿ ಓಡಿ ಇಳಿಯುವುದಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ, ಅಲ್ವಾ?

ಅತ್ತೆಯವರ ವಿಷಯ ನನಗೆ ತುಂಬಾ ನೋವು ಕೊಟ್ಟಿತು. ಅವರು ಹಬ್ಬಕ್ಕೆ ಕಣಕ ನಾದಿ, ಹೂರಣ ರುಬ್ಬಿ, ಮಗನಿಗೆ ಅಂತ ಮಾಡಿದ್ದು. ಮುಂದಿನ ಹಬ್ಬಕ್ಕೆ ಅಮ್ಮನ ಪಕ್ಕ ಕೂತು ಅರ್ಧ ಹೋಳಿಗೆ ತಿನ್ನಲಿ. ಬಿಪಿ ಒಂದೇ ಇದ್ದರೆ ವರ್ಷಕ್ಕೆ ನಾಲ್ಕು ಸಲ ಅರ್ಧ ಹೋಳಿಗೆ ತಿಂದರೆ ಏನೂ ಆಗುವುದಿಲ್ಲ. ಸಕ್ಕರೆ ಕಾಯಿಲೆಯೂ ಇದ್ದರೆ ಅದನ್ನೂ ಡಾಕ್ಟರನ್ನೇ ಕೇಳಿ. ಅವರು ರೇಗಿದ್ದಕ್ಕೆ ಅಮ್ಮನಿಗೆ ಒಂದು ಮಾತು ಹೇಳಲೇಬೇಕು. ಅದಕ್ಕೆ ಹಬ್ಬದವರೆಗೆ ಕಾಯುವುದು ಬೇಡ.

ಪ್ರಶ್ನೆ: ಕೆಲಸ ಸಿಕ್ಕಿ ದಾವಣಗೆರೆಗೆ ಬಂದು ಮೂರು ತಿಂಗಳಾಯಿತು. ರೂಮಿನ ಕೆಳಗೇ ಬೆಣ್ಣೆ ದೋಸೆ ಹೋಟೆಲ್. ವಾರಕ್ಕೆ ಆರು ದಿನ ಅಲ್ಲೇ ತಿಂಡಿ. ನಾಲ್ಕು ಕಿಲೋ ಏರಿದ್ದೇನೆ. ಪೂರ್ತಿ ಬಿಡಬೇಕಾ?
ಒಬ್ಬ ಯುವಕ, ದಾವಣಗೆರೆ

ಉತ್ತರ: ಬಿಡಬೇಡಪ್ಪ. ನಮ್ಮೂರಿಗೆ ಬಂದು ಬೆಣ್ಣೆ ದೋಸೆ ಬಿಟ್ಟರೆ ಹೇಗೆ? ಭಾನುವಾರಕ್ಕೆ ಇಟ್ಟುಕೋ. ಅವತ್ತು ಗರಿಗರಿ ದೋಸೆ, ಪಲ್ಯ, ಕಾಯಿಚಟ್ನಿ ಹಾಕಿಸಿಕೊಂಡು ಮೊಬೈಲ್ ಒಳಗಿಟ್ಟು, ನಿಧಾನವಾಗಿ ತಿನ್ನು. ಮಿಕ್ಕ ದಿನ ಇಡ್ಲಿ, ಇಲ್ಲವೇ ರೂಮಿನಲ್ಲೇ ಅವಲಕ್ಕಿ ನೆನೆಸಿಕೋ, ಹತ್ತು ನಿಮಿಷದ ಕೆಲಸ. ದಿನಾ ತಿಂದಾಗ ಆ ಬೆಣ್ಣೆಯ ಘಮ ಮೂಗಿಗೆ ಬರುವುದೇ ನಿಂತುಹೋಗಿರುತ್ತದೆ. ವಾರ ಬಿಟ್ಟು ಹೋಗಿ ನೋಡು.

ಪ್ರಶ್ನೆ: ಅಕ್ಕಾವ್ರೇ, ನಮಗೆ ನಾಲ್ಕು ಎಕರೆ ಇದೆ. ಚಾನೆಲ್ ನೀರಿಲ್ಲ, ಒಂದು ಬೋರು. ಇಷ್ಟು ವರ್ಷ ಮೆಕ್ಕೆಜೋಳ, ಒಂದಿಷ್ಟು ರಾಗಿ. ಡಿಗ್ರಿ ಮುಗಿಸಿ ಬಂದ ಮಗ ನಾಲ್ಕೂ ಎಕರೆಗೆ ಅಡಿಕೆ ಹಾಕೋಣ ಅನ್ನುತ್ತಾನೆ. ನಾನು ಒಂದು ಸಸಿಯೂ ಬೇಡ ಅನ್ನುತ್ತೇನೆ. ಮನೆಯಲ್ಲಿ ಮಾತೇ ನಿಂತಿದೆ.
ಒಬ್ಬ ರೈತ, ಚನ್ನಗಿರಿ ತಾಲ್ಲೂಕು

ಉತ್ತರ: ಅಣ್ಣಾ, ನಮ್ಮ ಮನೆಯವರ ಊರೂ ನಿಮ್ಮ ತಾಲ್ಲೂಕೇ. ಹಾಗಾಗಿ ಈ ಜಗಳ ನನಗೆ ಹೊಸದಲ್ಲ. ಮಗ ಹೇಳುವುದರಲ್ಲಿ ಹುರುಳಿದೆ. ಜೋಳದ ರೇಟು ಕೈ ಕೊಟ್ಟಾಗ ಗೊಬ್ಬರದ ಸಾಲವೂ ತೀರುವುದಿಲ್ಲ. ಓದಿದ ಹುಡುಗ ಊರಲ್ಲೇ ಇದ್ದು ಬೇಸಾಯ ಮಾಡುತ್ತೇನೆ ಅನ್ನುವುದೇ ದೊಡ್ಡದು, ಅದನ್ನು ಮುರಿಯಬೇಡಿ. ನಿಮ್ಮ ಹೆದರಿಕೆಯೂ ಸುಮ್ಮನೆ ಬಂದದ್ದಲ್ಲ. 2024ರ ಬೇಸಿಗೆಯಲ್ಲಿ ನಮ್ಮ ಕಡೆ ಬೋರು ಬತ್ತಿ, ಟ್ಯಾಂಕರ್ ನೀರು ಕೊಂಡು ತೋಟ ಉಳಿಸಿಕೊಂಡದ್ದನ್ನು ನೀವೂ ಕಂಡಿದ್ದೀರಿ. ನಮ್ಮ ಮೈದುನ ಆಗ ರಾತ್ರಿ ಎಲ್ಲ ಟ್ಯಾಂಕರ್ ಕಾಯುತ್ತಾ ತೋಟದಲ್ಲೇ ಮಲಗುತ್ತಿದ್ದ.

ನೀವಿಬ್ಬರೂ ವಾದ ಬಿಟ್ಟು ಬೋರನ್ನು ಕೇಳಿ. ಒಂಬತ್ತು ಅಡಿ ಅಂತರದಲ್ಲಿ ಎಕರೆಗೆ ಸುಮಾರು 540 ಸಸಿ. ಫಲಕ್ಕೆ ಬಂದ ಮರಕ್ಕೆ ಬೇಸಿಗೆಯಲ್ಲಿ ಡ್ರಿಪ್ ಮಾಡಿದರೂ ದಿನಕ್ಕೆ 16ರಿಂದ 20 ಲೀಟರ್ ನೀರು ಬೇಕು. ಎಕರೆಗೆ ಹತ್ತಿರ ಹತ್ತಿರ 10 ಸಾವಿರ ಲೀಟರ್, ನಾಲ್ಕು ಎಕರೆಗೆ 40 ಸಾವಿರ. ಕರೆಂಟು ದಿನಕ್ಕೆ ಐದು ಗಂಟೆ ಅಂತ ಹಿಡಿಯಿರಿ. ಆಗ 200 ಲೀಟರ್ ಡ್ರಮ್ಮು ಒಂದೂವರೆ ನಿಮಿಷದಲ್ಲಿ ತುಂಬಬೇಕು. ನಾಲ್ಕು ನಿಮಿಷ ಹಿಡಿದರೆ ನಿಮ್ಮ ಬೋರು ಒಂದೂವರೆ ಎಕರೆಗೆ ಮಾತ್ರ.

ಈ ಅಳತೆಯನ್ನು ಏಪ್ರಿಲ್ ಕೊನೆಯಲ್ಲಿ ಮಾಡಿ, ಅದೂ ಮೋಟಾರ್ ಮೂರು ಗಂಟೆ ಓಡಿದ ಮೇಲೆ. ಮಳೆ ಬಿದ್ದ ಮೇಲೆ ಅಳೆದರೆ ಬೋರು ಆಸೆ ತೋರಿಸುತ್ತದೆ. ಮಗ ಮೊಬೈಲಲ್ಲಿ ಟೈಮ್ ನೋಡಲಿ, ಡ್ರಮ್ಮಿನ ಹತ್ತಿರ ನೀವು ನಿಲ್ಲಿ. ಬಂದ ಲೆಕ್ಕದಲ್ಲೂ ಸ್ವಲ್ಪ ಕೈ ಹಿಡಿದು ಸಸಿ ಹಾಕಿ. ಒಂದೂವರೆ ಬಂದರೆ ಒಂದು ಎಕರೆ ಹಾಕಿ. ಫಸಲು ಕಾಣಲು ಐದಾರು ವರ್ಷ ಬೇಕು, ಅಲ್ಲಿಯವರೆಗೆ ಮನೆ ನಡೆಸುವುದು ಉಳಿದ ಮೂರು ಎಕರೆಯ ಜೋಳ. ರಾಗಿಯನ್ನು ಮಾತ್ರ ಬಿಡಬೇಡಿ, ಉಣ್ಣುವುದಕ್ಕಾದರೂ ಇರಲಿ.

ಅಳೆದ ದಿನ ಡ್ರಮ್ಮು ಎಷ್ಟು ನಿಮಿಷಕ್ಕೆ ತುಂಬಿತು ಅಂತ ನನಗೊಂದು ಕಾಗದ ಹಾಕಿ. ಮಗನ ಕೈಯಲ್ಲೇ ಬರೆಸಿ.