ಸಿಟ್ಟು ಒಪ್ಪಿಕೊಂಡರು, ಸೈಟಿನ ಮಾತು ಎತ್ತಲಿಲ್ಲ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಬಾಗಲಕೋಟೆಯ ಈ ವ್ಯಕ್ತಿಗೆ ಐವತ್ತು ದಾಟಿದೆ. ಅವರ ಚರ್ಚಿನ ಸಭೆಯಲ್ಲಿ ಹಿರಿಯರ ಸ್ಥಾನದಲ್ಲಿರುವವರು. ನಿದ್ದೆ ಬರುವುದಿಲ್ಲ, ಹೆಂಡತಿ ಮಕ್ಕಳ ಮೇಲೆ ಸುಮ್ನೆ ರೇಗುತ್ತೇನೆ ಅಂತ ನನ್ನ ಹತ್ತಿರ ಸಲಹೆಗೆ ಬಂದಿದ್ದರು. "ಸಿಟ್ಟೇ ನನ್ನ ದೊಡ್ಡ ಪಾಪ ನೋಡ್ರಿ ಅಕ್ಕಾರ. ದಿನಾ ದೇವರ ಮುಂದ ಅರಿಕೆ ಮಾಡ್ತೀನಿ, ಹೋಗವಲ್ದು."

ಏನಂತ ಅರಿಕೆ ಮಾಡುತ್ತೀರಿ, ಅಂದರೆ ಪಾಪವನ್ನು ಹೇಗೆ ಒಪ್ಪಿಕೊಳ್ಳುತ್ತೀರಿ ಎಂದು ಕೇಳಿದೆ. ನಾನು ಘೋರ ಪಾಪಿ, ಅಯೋಗ್ಯ, ಮಣ್ಣು, ಧೂಳು. ಹೀಗೆ ಸಾಗಿತು. ಕೇಳುವವರಿಗೆ ಕಣ್ಣೀರು ಬರಬೇಕು. ಆದರೆ ಅದರಲ್ಲಿ ಒಬ್ಬರ ಹೆಸರಿಲ್ಲ, ಮಾಡಿದ್ದೇನು ಅಂತ ಇಲ್ಲ. ಇಂಥ ಪ್ರಾರ್ಥನೆ ಕೇಳಿದರೆ ನನಗೆ ಸ್ವಲ್ಪ ಅನುಮಾನ. 'ಘೋರ ಪಾಪಿ' ಅಂದರೆ ಸಭೆಯಲ್ಲಿ ಗೌರವ ಹೆಚ್ಚುತ್ತದೆ. 'ಇಂಥವರಿಗೆ ಮೋಸ ಮಾಡಿದೆ' ಅಂದರೆ ಹೆಚ್ಚುತ್ತದಾ?

ಸಿಟ್ಟು ಜಾಸ್ತಿ ಯಾವಾಗ ಎಂದು ವಿಚಾರಿಸಿದಾಗ, ಕ್ರಿಸ್‌ಮಸ್‌ಗೆ ನಾದಿನಿಯನ್ನು, ಅಂದರೆ ಇವರ ತಂಗಿಯನ್ನು, ಕರೆಯೋಣ ಎಂದು ಹೆಂಡತಿ ಹೇಳಿದಾಗಲೆಲ್ಲ ಜಗಳ ಆಗುವುದು ಗೊತ್ತಾಯಿತು. ತಂಗಿಯ ಬಗ್ಗೆ ಕೇಳಿದೆ. ಆಸ್ತಿಯ ವಿಷಯ ನಾನು ಎತ್ತದೆಯೇ, "ಆಕೀನ ಮನಸಾರೆ ಬಿಟ್ಟು ಕೊಟ್ಟಾಳ್ರಿ" ಅಂದರು.

ಏನು ಬಿಟ್ಟುಕೊಟ್ಟರು? ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಮನೆ ಹೋಗಿ, ತಂದೆಗೆ ನವನಗರದಲ್ಲಿ ಸೈಟ್ ಸಿಕ್ಕಿತ್ತು. ತಾಯಿ ಮೊದಲೇ ತೀರಿಕೊಂಡಿದ್ದರು. ತಂದೆ ಉಯಿಲು ಬರೆದಿರಲಿಲ್ಲ. ಇರುವವರು ಇವರಿಬ್ಬರೇ ಮಕ್ಕಳು. ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ ಮಗನಿಗೂ ಮಗಳಿಗೂ ಸಮಪಾಲು. ಅದು ಇವರಿಗೆ ಗೊತ್ತಿತ್ತು. ವಿಜಯಪುರಕ್ಕೆ ಕೊಟ್ಟಿದ್ದ ತಂಗಿಯನ್ನು ಕರೆಸಿ, ಖಾತೆ ಬದಲಾಯಿಸಲು ಬೇಕು ಅಂತ ಹೇಳಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿದರು. ಆಮೇಲೆ ಸೈಟ್ ಮಾರಿದರು.

ಅವಳ ಮದುವೆ ನಾನೇ ಮಾಡಿದೆ, ಅಪ್ಪನ ಆಸ್ಪತ್ರೆ ಖರ್ಚು ನಂದೇ ಎಂದರು. ಎರಡೂ ನಿಜವೇ ಇರಬಹುದು. ಆದರೆ ಆ ಲೆಕ್ಕವನ್ನು ತಂಗಿಯ ಮುಂದೆ ಇಟ್ಟಿದ್ದರೆ ಅದು ಲೆಕ್ಕ. ಮುಚ್ಚಿಟ್ಟಿದ್ದು ನೆಪ.

ನಡೆದದ್ದನ್ನು ಬರೆಯಿರಿ ಎಂದೆ. "ಸಹಿ ಆಯಿತು" ಎಂದು ಬರೆದರು. ತಾನೇ ಆಯಿತಾ ಎಂದು ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದು, "ತಂಗಿಗೆ ಸುಳ್ಳು ಹೇಳಿ ಸಹಿ ಹಾಕಿಸಿದೆ" ಎಂದು ಬರೆದರು.

ಬೈಬಲಿನ ಎರಡನೆಯ ಸಮುವೇಲ 12ನೇ ಅಧ್ಯಾಯ ಓದಿದೆವು. ಬಡವನ ಕುರಿಮರಿ ಕಿತ್ತುಕೊಂಡವನ ಕಥೆಯನ್ನು ಪ್ರವಾದಿ ನಾತಾನ ಹೇಳಿದಾಗ ರಾಜ ದಾವೀದನಿಗೆ ಉರಿಯುವ ಸಿಟ್ಟು ಬರುತ್ತದೆ, ಕಥೆಯೊಳಗಿನ ಸಾಹುಕಾರನ ಮೇಲೆ. ಆ ಸಾಹುಕಾರ ತಾನೇ ಎಂದು ಹೊಳೆಯುವುದಿಲ್ಲ. ಈ ಭಾಗದ ಮೇಲೆ ಇವರೇ ಪ್ರಸಂಗ ಮಾಡಿದ್ದರಂತೆ!

ನಾನು ಹೇಳಿದ್ದು ಇಷ್ಟು. ಸದ್ಯಕ್ಕೆ ಉದ್ದದ ಅರಿಕೆ ಬೇಡ, ಬರೆದ ಆ ಒಂದೇ ವಾಕ್ಯವನ್ನು ದೇವರಿಗೆ ಹೇಳಿ. ಅರಿಕೆ ಮಾಡಿದರೆ ಆತನು ಕ್ಷಮಿಸುತ್ತಾನೆ ಎಂದು ಯೋಹಾನನ ಮೊದಲ ಪತ್ರಿಕೆ ಹೇಳುತ್ತದೆ, ಆದರೆ ಅದರಿಂದ ತಂಗಿಯ ಪಾಲು ತೀರುವುದಿಲ್ಲ. ಬೈಬಲಿನ ಅರಣ್ಯಕಾಂಡ 5ನೇ ಅಧ್ಯಾಯದಲ್ಲಿ ಅರಿಕೆಯ ಜೊತೆಗೇ ಪೂರ್ತಿ ಮೊತ್ತ, ಮೇಲೆ ಐದನೆಯ ಒಂದು ಪಾಲು ಸೇರಿಸಿ ಕೊಡಬೇಕು ಎಂದಿದೆ. ಮೊದಲು ಹೆಂಡತಿಗೆ ಹೇಳಿ, ನಂತರ ವಿಜಯಪುರಕ್ಕೆ ಹೋಗಿ ತಂಗಿಗೆ. ಪಾಸ್ಟರ್ ಜೊತೆ ಮಾತಾಡಿ ಹಿರಿಯರ ಸ್ಥಾನದಿಂದ ಸ್ವಲ್ಪ ಕಾಲ ಹಿಂದೆ ಸರಿಯಿರಿ.

ಭಾನುವಾರವೇ ಸಭೆಯಲ್ಲಿ ಎಲ್ಲರ ಮುಂದೆ ಇದನ್ನು ಒಪ್ಪಿಕೊಂಡು ಸಾಕ್ಷಿ ಹೇಳುತ್ತೇನೆ ಅಂದರು. ಬೇಡ ಎಂದೆ. ತಂಗಿಗೆ ತಿಳಿಯುವ ಮೊದಲು ಸಭೆಗೆ ಹೇಳಿದರೆ ಅಲ್ಲೂ ಚಪ್ಪಾಳೆ ಇವರಿಗೇ ಅಲ್ವಾ? ತಂಗಿಯ ಎದುರು ಕೂತು ತಕ್ಷಣವೇ ಕ್ಷಮೆ ಕೇಳಿ ಒತ್ತಾಯಿಸುವುದೂ ಬೇಡ.

ಇದೇ ಸಲಹೆ ಎಲ್ಲರಿಗೂ ಅಲ್ಲ. ಮಾಡದ ಪಾಪವನ್ನೂ ದಿನಕ್ಕೆ ಹತ್ತು ಸಲ ಅರಿಕೆ ಮಾಡಿ ಸಮಾಧಾನ ಸಿಗದೆ ನರಳುವವರಿದ್ದಾರೆ. ಅವರಿಗೆ ಇನ್ನಷ್ಟು ಆತ್ಮಪರೀಕ್ಷೆ ಬೇಡ. ಅವರನ್ನು ಮನೋವೈದ್ಯರ ಹತ್ತಿರ ಕಳಿಸುತ್ತೇನೆ.

ಇವರು ಹೋಗಿ ಹೇಳಿ ಬಂದರು. ತಂಗಿಯ ಗಂಡ, "ಎಲ್ಲಾ ಬರವಣಿಗೆಯಲ್ಲಿ ಕೊಡ್ರಿ ಭಾವಾ" ಎಂದರಂತೆ. ಇವರಿಗೆ ಮತ್ತೆ ಸಿಟ್ಟು: "ನನ್ನ ಮ್ಯಾಲ ನಂಬಿಕಿ ಇಲ್ಲೇನ್ರಿ ಅವರಿಗೆ?" ಇರಬೇಕು ಅಂತ ಯಾಕೆ ಅನ್ನಿಸುತ್ತೆ ಎಂದು ಕೇಳಿದೆ. ಈಗ ವಕೀಲರು ಕರಾರು ಬರೆಯುತ್ತಿದ್ದಾರೆ. ಇಂದಿನ ಬೆಲೆಗೆ ಅರ್ಧ, ಕಂತಿನಲ್ಲಿ, ಬ್ಯಾಂಕ್ ಮೂಲಕ.