ಒಂದೇ ಅಕೌಂಟಿಂದ ನಾಲ್ಕು ವರ್ಕರ್ ಕಳಿಸಿದ್ರೆ ಟ್ರಾನ್ಸಾಕ್ಷನ್ ಯಾಕೆ ಸಿಕ್ಕಾಕ್ಕೊಳ್ತವೆ?

ಪ್ರಶ್ನೆ: ಸರ್, ಇಥೀರಿಯಂ ಮೇಲೆ ಟೋಕನ್ ಹಂಚೋ ಸರ್ವಿಸ್ ಮಾಡ್ತಿದೀವಿ. ಒಂದೇ ಅಕೌಂಟಿಂದ ನಾಲ್ಕು ವರ್ಕರ್ (ಹಿನ್ನೆಲೆಯಲ್ಲಿ ಓಡೋ ಪ್ರೋಗ್ರಾಂ) ಒಟ್ಟಿಗೆ ಟ್ರಾನ್ಸಾಕ್ಷನ್ ಕಳಿಸ್ತವೆ. ಕೆಲವಕ್ಕೆ ‘ನಾನ್ಸ್ ಟೂ ಲೋ’ ಅಂತ ಎರರ್ ಬರತ್ತೆ, ಕೆಲವು ಗಂಟೆಗಟ್ಟಲೆ ಪೆಂಡಿಂಗ್. ಫೀ ಜಾಸ್ತಿ ಇಟ್ರೂ ಕದಲಲ್ಲ. ಏನ್ ಮಾಡೋದು?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಫೀ ವಿಷ್ಯ ಆಮೇಲೆ ನೋಡೋಣ, ಮೊದ್ಲು ನಾನ್ಸ್, ಅಂದ್ರೆ ಅಕೌಂಟಿನ ಪ್ರತೀ ಟ್ರಾನ್ಸಾಕ್ಷನ್‌ಗೆ ಬೀಳೋ ಸಾಲು ನಂಬರ್, ಸರಿ ಮಾಡ್ಕೊಳ್ಳಿ. ಒಂದು ಅಕೌಂಟಿನ ಟ್ರಾನ್ಸಾಕ್ಷನ್‌ಗಳನ್ನ ಇಥೀರಿಯಂ 0, 1, 2 ಅಂತ ಸಾಲಾಗೇ ತಗೊಳ್ಳೋದು, ಮಧ್ಯ ಒಂದು ಇಲ್ಲ ಅಂದ್ರೆ ಮುಂದಿನದನ್ನ ಮುಟ್ಟೋದೇ ಇಲ್ಲ. ನಿಮ್ಮ ಎರಡು ವರ್ಕರ್ ಒಂದೇ ಕ್ಷಣದಲ್ಲಿ ನೋಡ್‌ನ (ಇಥೀರಿಯಂ ಜಾಲದ ಕಂಪ್ಯೂಟರ್) ಮುಂದಿನ ನಾನ್ಸ್ ಯಾವ್ದು ಅಂತ ಕೇಳಿದ್ರೆ ಇಬ್ಬರಿಗೂ 41 ಅಂತಾನೇ ಉತ್ತರ ಸಿಗತ್ತೆ, ಒಂದು ಒಳಗೆ ಹೋಗತ್ತೆ ಇನ್ನೊಂದು ಎರರ್ ಹೊಡಿಯತ್ತೆ. 42 ಎಲ್ಲೋ ಕಳೆದುಹೋಗಿ 43, 44 ಮಾತ್ರ ತಲುಪಿದ್ರೆ ಅವು 42 ಬರೋ ತನಕ ಕಾಯ್ತಾ ಕೂರ್ತವೆ, ಅವಕ್ಕೆ ಎಷ್ಟು ಫೀ ಸುರಿದ್ರೂ ಅಷ್ಟೇ. ಗೆತ್ ಅನ್ನೋ ಸಾಫ್ಟ್‌ವೇರ್ ಓಡಿಸೋ ನೋಡ್‌ನಲ್ಲಿ ಡೀಫಾಲ್ಟ್ ಸೆಟ್ಟಿಂಗ್ ಇದ್ರೆ ಹೀಗೆ ಕಾಯೋವಕ್ಕೆ ಅಕೌಂಟಿಗೆ 64 ಜಾಗ, 3 ಗಂಟೆ ಆದ್ಮೇಲೆ ಎತ್ತಿ ಬಿಸಾಕತ್ತೆ.

ಹಾಗಾಗಿ ಪ್ರತೀ ಸಲ ನೋಡ್‌ನ ಕೇಳೋದು ಬಿಡಿ, ‘ಪೆಂಡಿಂಗ್’ ಹಾಕಿ (ಇನ್ನೂ ಬ್ಲಾಕ್‌ಗೆ ಸೇರದವನ್ನೂ ಎಣಿಸು ಅಂತ) ಕೇಳಿದ್ರೂ ಲೋಡ್ ಬ್ಯಾಲೆನ್ಸರ್ (ಕೋರಿಕೆಗಳನ್ನ ಹಲವು ನೋಡ್‌ಗೆ ಹಂಚೋದು) ಹಿಂದಿರೋ ಒಂದೊಂದು ನೋಡ್ ಒಂದೊಂದು ನಂಬರ್ ಹೇಳಬಹುದು. ನಾನ್ಸ್ ಕೊಡೋ ಜಾಗ ಒಂದೇ ಇರ್ಲಿ, ಡೇಟಾಬೇಸಲ್ಲಿ ಒಂದು ರೋ ಲಾಕ್ ಮಾಡಿ ನಂಬರ್ ತಗೊಂಡು, ಸೈನ್ ಮಾಡಿ, ಆ ಸೈನ್ ಆದ ಟ್ರಾನ್ಸಾಕ್ಷನ್‌ನ ಅಲ್ಲೇ ಸೇವ್ ಮಾಡಿ, ಆಮೇಲೇ ಕಳಿಸಿ. ಈ ಸೇವ್ ಮಾಡೋದನ್ನ ದಯವಿಟ್ಟು ಬಿಡಬೇಡಿ. ಬರೀ ರೆಡಿಸ್‌ನಲ್ಲಿ (ಮೆಮೊರಿಯಲ್ಲಿ ಓಡೋ ಡೇಟಾಬೇಸ್) ಒಂದು ಕೌಂಟರ್ ಏರಿಸ್ತಾ ಹೋದ್ರೆ, ನಂಬರ್ ತಗೊಂಡ ವರ್ಕರ್ ಕಳಿಸೋಕೆ ಮುಂಚೆ ಸತ್ತೋದಾಗ ಅಲ್ಲೊಂದು ತೂತು ಉಳ್ಕೊಳ್ಳತ್ತೆ, ಅದರ ಮುಂದಿನ ನಂಬರಿನವೆಲ್ಲಾ ನಿಂತೋಗ್ತವೆ.

ಟೈಮ್‌ಔಟ್ ಆದ್ರೆ ಹೊಸ ನಾನ್ಸ್ ತಗೋಬೇಡಿ, ದುಡ್ಡು ಎರಡು ಸಲ ಹೋಗೋದು ಹೀಗೇನೇ. ಸೇವ್ ಆಗಿರೋದನ್ನೇ ಮತ್ತೆ ಕಳಿಸಿ, ಹ್ಯಾಶ್ (ಟ್ರಾನ್ಸಾಕ್ಷನ್ನಿನ ಗುರುತು) ಅದೇ ಇರೋದ್ರಿಂದ ಎರಡು ಸಲ ನಡಿಯೋ ಚಾನ್ಸೇ ಇಲ್ಲ, ‘ಆಲ್ರೆಡಿ ನೋನ್’ ಅಂತ ಬಂದ್ರೆ ಗಾಬರಿ ಬೇಡ, ಮೊದಲನೇ ಸಲಾನೇ ತಲುಪಿದೆ ಅಂತ. ಕಾಂಟ್ರಾಕ್ಟ್ (ಚೈನ್ ಮೇಲೆ ಓಡೋ ಕೋಡ್) ಒಳಗೆ ರಿವರ್ಟ್ ಆದ್ರೂ, ಅಂದ್ರೆ ಫೇಲಾಗಿ ಮಾಡಿದ್ದೆಲ್ಲಾ ವಾಪಸ್ ಆದ್ರೂ, ಆ ನಾನ್ಸ್ ಖರ್ಚಾಗಿರತ್ತೆ, ಅಂಥದ್ದಕ್ಕೆ ಮಾತ್ರ ಹೊಸ ನಂಬರ್ ಬೇಕು.

ಈಗ ಸಿಕ್ಕಾಕ್ಕೊಂಡಿರೋದಕ್ಕೆ: ಯಾವ ನಂಬರ್ ಇಲ್ವೋ ಅದೇ ನಾನ್ಸಲ್ಲಿ ನಿಮ್ಮ ಅಕೌಂಟಿಂದ ನಿಮಗೇ 0 ಈಥರ್ ಕಳಿಸಿ, ತೂತು ಮುಚ್ಚತ್ತೆ. ಆ ನಂಬರಲ್ಲಿ ಕಡಿಮೆ ಫೀ ಇಟ್ಟ ಹಳೇದೊಂದು ಕೂತಿದ್ರೆ ಮ್ಯಾಕ್ಸ್ ಫೀ (ಫೀ ಮಿತಿ), ಪ್ರಯಾರಿಟಿ ಫೀ (ಬ್ಲಾಕ್ ಮಾಡೋರಿಗೆ ಕೊಡೋ ಟಿಪ್) ಎರಡನ್ನೂ ಕನಿಷ್ಠ 10% ಏರಿಸಬೇಕು, ಒಂದನ್ನೇ ಏರಿಸಿದ್ರೆ ಗೆತ್ ತಗೊಳ್ಳಲ್ಲ. ಲೋಡ್ ಇನ್ನೂ ಜಾಸ್ತಿ ಆದ್ರೆ ವರ್ಕರಿಗೊಂದು ಅಕೌಂಟ್ ಕೊಟ್ಬಿಡಿ.